ತಪ್ಪು ಯಾರದೆಂದು ಕೇಳದ ಕಾನೂನು

ಹಾಸನ ಜಿಲ್ಲೆಯ ಕೂಲಿಕಾರರ ಗಾಯದ ಚರಿತ್ರೆ ಬರೆಯಲು ಹೊರಟವರು ಮೊದಲು ಮಂಜರಾಬಾದಿಗೆ ಹೋಗಬೇಕು. ಇಂದಿನ ಸಕಲೇಶಪುರ ಸೀಮೆಗೆ ಆಗಿನ ಹೆಸರು ಅದು. 1850ರ ದಶಕದಲ್ಲಿ ರಾಬರ್ಟ್ ಎಲಿಯಟ್‌ನಂಥ ಯುರೋಪಿಯನ್ ಪ್ಲಾಂಟರುಗಳು ಇಲ್ಲಿ ಕಾಡು ಕಡಿಸಿ ಕಾಫಿ ಹಾಕಿಸಿದರು. ತೋಟದ ದೊರೆಗೆ ಆಳುಗಳ ಹೆಸರೂ ಗೊತ್ತಿರುತ್ತಿರಲಿಲ್ಲ. ಆಳುಗಳನ್ನು ಕರೆತರುವವನು ಮೇಸ್ತ್ರಿ. ಮುಂಗಡ ಕೊಡುವವನೂ, ಲೆಕ್ಕ ಇಡುವವನೂ, ಓಡಿಹೋದವನನ್ನು ಹುಡುಕಿಸುವವನೂ ಅವನೇ. ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ, ತಮಿಳುನಾಡಿನ ಕಡೆಯಿಂದ ಬಂದ ಆಳುಗಳು ಮರ ಕಡಿದರು, ಗುಂಡಿ ತೆಗೆದರು, ಗಿಡ ನೆಟ್ಟರು. ಬಿದ್ದ ಮರದಡಿ ಸಿಕ್ಕವರ, ಮಲೇರಿಯಾ ಬಡಿದವರ ಲೆಕ್ಕ ಇಟ್ಟವರು ಇಲ್ಲ.

ಆ ಕಾಲದ ಕಾನೂನು ಆಳಿನ ಕಡೆ ಹೇಗೆ ನೋಡುತ್ತಿತ್ತು ಎಂಬುದಕ್ಕೆ 1859ರ ಕರಾರುಭಂಗ ಕಾಯ್ದೆಯೊಂದೇ ಸಾಕು. ಮುಂಗಡ ಪಡೆದು ಕೆಲಸಕ್ಕೆ ಬಾರದ ಆಳನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಹಣ ವಾಪಸು ಕೊಡು, ಇಲ್ಲವೇ ಕೆಲಸ ಮಾಡು ಎಂದು ಅವರು ಆಜ್ಞೆ ಮಾಡುತ್ತಿದ್ದರು. ಅದನ್ನೂ ಮೀರಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಇತ್ತ ಅದೇ ಆಳಿನ ಕಾಲು ಮುರಿದರೆ ದೊರೆ ಏನು ಕೊಡಬೇಕು ಎಂದು ಹೇಳುವ ಕಾನೂನು ಇರಲೇ ಇಲ್ಲ. 1855ರ ಮಾರಕ ಅಪಘಾತ ಕಾಯ್ದೆ ಇತ್ತು, ನಿಜ. ಸತ್ತವನ ಹೆಂಡತಿ ಮಕ್ಕಳು ದಾವೆ ಹೂಡಬಹುದಿತ್ತು. ಆದರೆ ದೊರೆಯ ಅಲಕ್ಷ್ಯದಿಂದಲೇ ಸಾವಾಯಿತೆಂದು ಅವರೇ ಸಾಬೀತು ಮಾಡಬೇಕು. ಪಕ್ಕದಲ್ಲಿ ಮರ ಕಡಿಯುತ್ತಿದ್ದ ಇನ್ನೊಬ್ಬ ಆಳಿನ ತಪ್ಪಿನಿಂದ ಸತ್ತಿದ್ದರೆ ದೊರೆ ಹೊಣೆಯಲ್ಲ ಎಂಬ ವಾದವನ್ನು ಇಂಗ್ಲಿಷ್ ನ್ಯಾಯಾಲಯಗಳು ಒಪ್ಪಿಕೊಂಡಿದ್ದವು. ಸಾವಿರಾರು ಮೈಲಿ ದೂರದ ಆ ವಾದ ಇಲ್ಲಿನ ವಿಧವೆಯರ ಬಾಯಿಯನ್ನೂ ಮುಚ್ಚಿಸಿತು.

ಸಕಲೇಶಪುರದ ಸರ್ಕಾರಿ ಆಸ್ಪತ್ರೆಗೆ ಇಂದಿಗೂ ಕ್ರಾಫರ್ಡ್ ಎಂಬ ಪ್ಲಾಂಟರನ ಹೆಸರಿದೆ. ಅಂಥ ಪ್ಲಾಂಟರುಗಳ ಧರ್ಮಬುದ್ಧಿಯನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ; ಎಷ್ಟೋ ಜೀವ ಅಲ್ಲಿ ಉಳಿದಿವೆ. ಆದರೆ ದಾನವೆಂಬುದು ಕೊಡುವವನ ಮನಸ್ಸಿಗೆ ಬಿಟ್ಟದ್ದು. ಗಾಯಗೊಂಡವನು ತಲೆಯೆತ್ತಿ ಕೇಳಿ ಪಡೆಯುವ ಹಕ್ಕು ಬರಲು ಬಹಳ ಕಾಲ ಹಿಡಿಯಿತು.

ಅದು ಬಂದದ್ದು ಹೊರಗಿನಿಂದ. 1884ರಲ್ಲಿ ಬಿಸ್ಮಾರ್ಕ್‌ನ ಜರ್ಮನಿ ಕಾರ್ಮಿಕರ ಅಪಘಾತ ವಿಮೆಯ ಕಾನೂನು ಮಾಡಿತು. 1897ರಲ್ಲಿ ಇಂಗ್ಲೆಂಡ್ ಪರಿಹಾರ ಕಾಯ್ದೆ ತಂದಿತು. ಎರಡರ ಹಿಂದೆಯೂ ಒಂದೇ ತಿಳಿವಳಿಕೆ: ಯಂತ್ರ ಇದ್ದಲ್ಲಿ ಅಪಘಾತ ಇದ್ದೇ ಇರುತ್ತದೆ, ಅದರ ವೆಚ್ಚ ಲಾಭ ಪಡೆಯುವವನ ಖರ್ಚಿನ ಪುಸ್ತಕಕ್ಕೆ ಸೇರಬೇಕು. ತಪ್ಪು ಯಾರದೆಂಬ ಪ್ರಶ್ನೆಯನ್ನೇ ಈ ಕಾನೂನುಗಳು ಕೈಬಿಟ್ಟವು. ಇಂಡಿಯಾದಲ್ಲಿ ಅದೇ ನೆಲೆಯ ಮೇಲೆ 1923ರಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಬಂತು. 1924ರ ಜುಲೈ 1ರಿಂದ ಜಾರಿಯಾಯಿತು. ಕೆಲಸದಿಂದ ಉಂಟಾದ, ಕೆಲಸದ ಅವಧಿಯಲ್ಲಿ ಆದ ಅಪಘಾತ ಎಂದು ತೋರಿಸಿದರೆ ಸಾಕು. ಮಾಲೀಕ ಎಷ್ಟೇ ಒಳ್ಳೆಯವನಾದರೂ, ಆಳು ಸ್ವಲ್ಪ ಅಜಾಗರೂಕನಾಗಿದ್ದರೂ ಪರಿಹಾರ ಕೊಡಲೇಬೇಕು. ಕುಡಿದಿದ್ದ, ಬೇಕೆಂದೇ ಸುರಕ್ಷತೆಯ ನಿಯಮ ಮುರಿದಿದ್ದ ಎಂಬಂಥ ಕೆಲವೇ ವಿನಾಯಿತಿಗಳು. ಇಂದಿನ ನಿಯಮದಂತೆ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆಗಿದ್ದರೆ ಆ ವಿನಾಯಿತಿಗಳೂ ನಡೆಯುವುದಿಲ್ಲ.

ಮೊದಲ ದರಗಳನ್ನು ಓದುವಾಗ ಹೊಟ್ಟೆ ಉರಿಯುತ್ತದೆ. ದೊಡ್ಡವರು ಸತ್ತರೆ 30 ತಿಂಗಳ ಸಂಬಳ ಅಥವಾ 2,500 ರೂಪಾಯಿ, ಯಾವುದು ಕಡಿಮೆಯೋ ಅದು. ಪೂರ್ತಿ ಅಂಗವಿಕಲರಾದರೆ 42 ತಿಂಗಳ ಸಂಬಳ ಅಥವಾ 3,500 ರೂಪಾಯಿ. ಬಾಲಕಾರ್ಮಿಕ ಸತ್ತರೆ 200 ರೂಪಾಯಿ. ಗಾಯವಾದ ಮೊದಲ 10 ದಿನಕ್ಕೆ ಏನೂ ಇಲ್ಲ.

ಹೀಗಿದ್ದರೂ ಆ ಕಾಯ್ದೆಯ 12ನೇ ಕಲಮನ್ನು ಬರೆದವರಿಗೆ ಕೈಮುಗಿಯಬೇಕು. ಗುತ್ತಿಗೆದಾರನ ಮೂಲಕ ಕೆಲಸ ಮಾಡಿಸಿದರೂ, ಕೆಲಸ ತನ್ನ ವ್ಯವಹಾರಕ್ಕೆ ಸೇರಿದ್ದಾಗಿದ್ದರೆ ಮೂಲ ಮಾಲೀಕನೇ ಪರಿಹಾರ ಕೊಡಬೇಕು. ಆಮೇಲೆ ಬೇಕಾದರೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ ಎನ್ನುತ್ತದೆ ಅದು. ಮೇಸ್ತ್ರಿಯ ಬೆನ್ನ ಹಿಂದೆ ನಿಂತು ‘ಅವರು ನಮ್ಮ ಆಳುಗಳಲ್ಲ’ ಎನ್ನುತ್ತಿದ್ದ ಪದ್ಧತಿಯ ಬೇರಿಗೇ ಕೊಟ್ಟ ಏಟು ಅದು. ನೂರು ವರ್ಷ ಕಳೆದರೂ ಹಾಸನದ ಕಟ್ಟಡಗಳಲ್ಲಿ, ತೋಟಗಳಲ್ಲಿ ಅದೇ ಮಾತು ಕೇಳಿಬರುತ್ತದೆ. ಅದೇ ಕಲಮಿನ ತಿರುಳು ಅದಕ್ಕೆ ಉತ್ತರವಾಗಿ ನಿಂತಿದೆ.

1929ರಲ್ಲಿ ನೇಮಕಗೊಂಡ ವಿಟ್ಲಿ ಆಯೋಗ 1931ರಲ್ಲಿ ವರದಿ ಕೊಟ್ಟಿತು. ಅದರ ಮೇಲೆ 1933ರಲ್ಲಿ ಕಾಯ್ದೆ ತಿದ್ದುಪಡಿಯಾಗಿ ಕಾಫಿ, ಟೀ, ರಬ್ಬರ್, ಸಿಂಕೋನಾ ತೋಟದ ಆಳುಗಳು ಪಟ್ಟಿಗೆ ಸೇರಿದರು. ಜೊತೆಗೊಂದು ಷರತ್ತು: ಹಿಂದಿನ 12 ತಿಂಗಳಲ್ಲಿ ಯಾವುದಾದರೂ ಒಂದು ದಿನ ತೋಟದಲ್ಲಿ 25 ಜನ ದುಡಿದಿರಬೇಕು. ಮೈಸೂರು ಸಂಸ್ಥಾನ ಬ್ರಿಟಿಷ್ ಇಂಡಿಯಾದ ಭಾಗವಾಗಿರಲಿಲ್ಲ, ಆದರೂ ಅದೇ ಮಾದರಿಯ ಕಾಯ್ದೆಯನ್ನು ತಾನೂ ಮಾಡಿಕೊಂಡಿತು. 1951ರಲ್ಲಿ ಕೇಂದ್ರದ ಕಾಯ್ದೆಯೇ ಮೈಸೂರು ರಾಜ್ಯಕ್ಕೂ ನೇರವಾಗಿ ಅನ್ವಯವಾಯಿತು. ಅದೇ ವರ್ಷ ತೋಟ ಕಾರ್ಮಿಕರ ಕಾಯ್ದೆಯೂ ಬಂದು ಲೈನ್ ಮನೆಗಳಿಗೆ, ತೋಟದ ಆಸ್ಪತ್ರೆಗಳಿಗೆ ನಿಯಮ ಹಾಕಿತು.

ಆಮೇಲಿನ ಮೂವತ್ತು ವರ್ಷ ಹಾಸನ ಜಿಲ್ಲೆಯ ದೊಡ್ಡ ಕಟ್ಟೋಣಗಳ ಕಾಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಏಳುತ್ತಿತ್ತು. 1979ರ ಹೊತ್ತಿಗೆ ಅದು ಮುಗಿಯಿತು. ಅದೇ ವರ್ಷ ಹಾಸನ–ಮಂಗಳೂರು ರೈಲುಮಾರ್ಗವೂ ತೆರೆಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಘಟ್ಟದಲ್ಲಿ ಐವತ್ತಕ್ಕೂ ಹೆಚ್ಚು ಸುರಂಗ ಕೊರೆದವರ ಕೈಗಳಲ್ಲಿ ಇದ್ದದ್ದು ಡೈನಮೈಟು, ಹಾರೆ, ಪಿಕಾಸಿ. ಎರಡೂ ಕೆಲಸಗಳು ಗುತ್ತಿಗೆ, ಒಳಗುತ್ತಿಗೆ, ಮೇಸ್ತ್ರಿ ಎಂಬ ಮೂರು ಮೆಟ್ಟಿಲಲ್ಲಿ ನಡೆದವು. ಇಂದು ಆ ಹಾದಿಯಲ್ಲಿ ಕಿಟಕಿಗೆ ಮುಖವಿಟ್ಟು ಹಸಿರು ನೋಡುತ್ತ ಹೋಗುವ ನಾವು ಸುರಂಗದ ಕತ್ತಲಲ್ಲಿ ಒಂದು ಗಳಿಗೆ ಅವರನ್ನು ನೆನೆಯಬೇಕು.

1923ರ ಕಾಯ್ದೆ ಯಾರನ್ನು ಕಾಯುತ್ತಿತ್ತು ಎಂಬುದು ಅದರ ಎರಡನೇ ಅನುಸೂಚಿಯಲ್ಲಿದೆ. ಬಿಡುವಿದ್ದಾಗ ಅದನ್ನು ಓದಿ ನೋಡಬೇಕು. ದುಡಿಮೆಯ ಲೋಕವೇ ಅಲ್ಲಿ ಮೆರವಣಿಗೆ ಹೊರಟಿದೆ. ಲಾರಿ ಓಡಿಸುವವರು, ಮರ ಕಡಿಯುವವರು, ಕಾಡ್ಗಿಚ್ಚು ಆರಿಸುವವರು, ಹೆಂಡಕ್ಕಾಗಿ ಮರ ಏರುವವರು, ಕರೆಂಟಿನ ಕೆಲಸದವರು, ತೋಟಕ್ಕೆ ಕೀಟನಾಶಕ ಹೊಡೆಯುವವರು, ಆನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದುಡಿಯುವವರು. ಆನೆಯ ಸಾಲನ್ನು ಓದಿದಾಗ ಆಲೂರು–ಸಕಲೇಶಪುರದ ಇವತ್ತಿನ ಕಾಡಾನೆ ಹಾವಳಿ ಕಣ್ಮುಂದೆ ಬರುತ್ತದೆ.

ಇದೇ ಪಟ್ಟಿಯಲ್ಲಿ ಹಾಸನದ ಬಯಲು ತಾಲ್ಲೂಕುಗಳಿಗೆ ಸಂಬಂಧಿಸಿದ ಸಾಲುಗಳೂ ಇವೆ. ಟ್ರ್ಯಾಕ್ಟರಿನಿಂದಲೋ, ಕರೆಂಟಿನಿಂದ ಓಡುವ ಯಂತ್ರದಿಂದಲೋ ಮಾಡುವ ಬೇಸಾಯದ ಕೆಲಸ ಪಟ್ಟಿಯಲ್ಲಿದೆ. ಭೂಮಿಯ ಬೇಸಾಯವೂ ಇದೆ. ಹೊಳೆನರಸೀಪುರದ ಗದ್ದೆಯಲ್ಲಿ ಒಕ್ಕಣೆ ಯಂತ್ರಕ್ಕೆ ಕೈ ಸಿಕ್ಕಿದವರು ಪರಿಹಾರ ಕೇಳಬಹುದು. ಅದೇ ಗದ್ದೆಯಲ್ಲಿ ಕುಡುಗೋಲಿನಿಂದ ಕೈ ಕೊಯ್ದುಕೊಂಡು ನಂಜಾದ ಕೂಲಿಯವರೂ ಕೇಳಬಹುದು. ಅರಕಲಗೂಡು ಕಡೆಯ ಹೊಗೆಸೊಪ್ಪಿನ ಹೊಲದಲ್ಲಿ ಔಷಧಿ ಹೊಡೆದು ಬಿದ್ದವರಿಗೆ ಪಟ್ಟಿಯಲ್ಲಿ ಜಾಗವಿದೆ. ಆದರೆ ಹಸಿ ಸೊಪ್ಪು ಮುರಿದು, ಅದರ ಒದ್ದೆಯಿಂದ ತಲೆಸುತ್ತಿ ವಾಂತಿಯಾಗಿ ಬಿದ್ದವರನ್ನು ಹೆಸರಿಟ್ಟು ಕರೆದಿಲ್ಲ. ನಮ್ಮ ಜಿಲ್ಲೆಯಲ್ಲಿ ಬಹುಪಾಲು ಜನ ದುಡಿಯುವುದು ಹೊಲದಲ್ಲೇ. ಅವರ ಇಂಥ ಕಷ್ಟವನ್ನು ಹೆಸರಿಸದ ಈ ಪಟ್ಟಿ ಪೂರ್ತಿ ನ್ಯಾಯವಾದದ್ದಲ್ಲ ಎಂದೇ ನನ್ನ ಅಭಿಪ್ರಾಯ.

ಆ ಕಾಯ್ದೆಯ ಮೊದಲನೇ ಅನುಸೂಚಿ ಇನ್ನೂ ವಿಚಿತ್ರ. ಅದು ದೇಹವನ್ನು ಶೇಕಡಾವಾರು ಬಿಡಿಸಿ ಇಡುತ್ತದೆ. ಹೆಬ್ಬೆರಳು ಹೋದರೆ 30. ತೋರುಬೆರಳು ಪೂರ್ತಿ ಹೋದರೆ 14, ಎರಡು ಗಿಣ್ಣು ಹೋದರೆ 11, ಒಂದಾದರೆ 9, ಮೂಳೆ ಉಳಿದು ತುದಿ ಮಾತ್ರ ಕತ್ತರಿಸಿದರೆ 5. ನಡುಬೆರಳಿಗೆ 12. ಉಂಗುರದ ಬೆರಳು ಅಥವಾ ಕಿರುಬೆರಳಿಗೆ 7. ಒಂದು ಕೈಯ ನಾಲ್ಕು ಬೆರಳೂ ಹೋದರೆ 50. ಒಂದು ಕಣ್ಣು ಹೋಗಿ ಇನ್ನೊಂದು ಚೆನ್ನಾಗಿದ್ದರೆ 40. ಆಲೆಮನೆಯ ಗಾಣಕ್ಕೆ ಕಬ್ಬು ಕೊಡುತ್ತ, ಚನ್ನರಾಯಪಟ್ಟಣದ ಕಡೆ ನಾರಿನ ಯಂತ್ರಕ್ಕೆ ಮಟ್ಟೆ ತುರುಕುತ್ತ ಕೈ ಕಳೆದುಕೊಂಡವರ ಬದುಕು ಕೊನೆಗೆ ಈ ಅಂಕಿಗಳ ಮೇಲೆ ನಿಲ್ಲುತ್ತದೆ. ಅಂಕಿ ಇರುವುದೇ ಒಳ್ಳೆಯದು, ಚೌಕಾಸಿಗೆ ಎಡೆಯಿರುವುದಿಲ್ಲ. ಆದರೆ ಕೈಗೆಲಸದವನಿಗೆ ಹೆಬ್ಬೆರಳು ಹೋದರೆ ಹೋಗುವುದು ನೂರಕ್ಕೆ ಮೂವತ್ತೇ?

ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟು ಎರಡು ಸಲ ಗಟ್ಟಿಯಾಗಿ ಎತ್ತಿಕೊಂಡಿತು. ಒರಿಸ್ಸಾದ ಒಬ್ಬ ಬಡಗಿಯ ಎಡಗೈಯನ್ನು ಮೊಣಕೈ ಮೇಲೆ ಕತ್ತರಿಸಬೇಕಾಗಿತ್ತು. ಒಂದೇ ಕೈಯಲ್ಲಿ ಬಡಗಿತನ ಮಾಡಲಾಗದು, ಆದ್ದರಿಂದ ಅವನ ದುಡಿಮೆಯ ಶಕ್ತಿ ನೂರಕ್ಕೆ ನೂರು ಹೋಗಿದೆ ಎಂದು 1975ರ ಡಿಸೆಂಬರಿನಲ್ಲಿ ನಾಲ್ವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಹಣ ಕೊಡುವ ಹೊಣೆ ಹುಟ್ಟುವುದು ಅಪಘಾತದ ದಿನವೇ, ತೀರ್ಪಿನ ದಿನವಲ್ಲ ಎಂದೂ ಅದೇ ತೀರ್ಪು ಸ್ಪಷ್ಟಪಡಿಸಿತು. ಇನ್ನೊಂದು ನಮ್ಮದೇ ರಾಜ್ಯದ್ದು. ಆಯನೂರಿನಿಂದ ಶಿವಮೊಗ್ಗಕ್ಕೆ ಟ್ಯಾಂಕರ್ ಓಡಿಸಿಕೊಂಡು ಹೋಗುತ್ತಿದ್ದ ಚಾಲಕನಿಗೆ ಎದುರಿನಿಂದ ಬಂದ ಟ್ರ್ಯಾಕ್ಟರ್ ಡಿಕ್ಕಿಯಾಗಿ ಬಲಗಾಲನ್ನು ಮಂಡಿಯವರೆಗೆ ತೆಗೆಯಬೇಕಾಯಿತು. ಪರಿಹಾರದ ಅರ್ಜಿ ತೀರ್ಮಾನಿಸುವ ಆಯುಕ್ತರು ನೂರಕ್ಕೆ ನೂರು ನಷ್ಟ ಎಂದರು, ಹೈಕೋರ್ಟು ಅದನ್ನು 65ಕ್ಕೆ ಇಳಿಸಿತು. 2008ರಲ್ಲಿ ಸುಪ್ರೀಂ ಕೋರ್ಟು ಬಡಗಿಯ ತೀರ್ಪನ್ನೇ ಮುಂದಿಟ್ಟು ಮತ್ತೆ ನೂರು ಎಂದಿತು: ಬಲಗಾಲಿಲ್ಲದವನು ಟ್ಯಾಂಕರ್ ಓಡಿಸುವುದು ಹೇಗೆ? ಹಾಸನದ ವಕೀಲರು ಲಾರಿ ಚಾಲಕರ ಪ್ರಕರಣಗಳಲ್ಲಿ ಹಿಡಿದುಕೊಳ್ಳಬೇಕಾದ ತೀರ್ಪು ಇದು.

ಪರಿಹಾರದ ಲೆಕ್ಕ ಹೀಗೆ. ಸತ್ತರೆ ತಿಂಗಳ ಸಂಬಳದ ಅರ್ಧವನ್ನು, ಪೂರ್ತಿ ಅಂಗವಿಕಲರಾದರೆ ಸಂಬಳದ ಶೇಕಡಾ 60ನ್ನು, ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. 30ರ ವಯಸ್ಸಿಗೆ ಆ ಅಂಕಿ 207.98, 40ಕ್ಕೆ 184.17, 50ಕ್ಕೆ 153.09. ಆದರೆ ಸಂಬಳ ಎಷ್ಟಿದ್ದರೂ ಕಾನೂನು ಒಂದು ಮಿತಿಯವರೆಗೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 1984ರಲ್ಲಿ ಆ ಮಿತಿ 1,000 ರೂಪಾಯಿ, 1995ರಲ್ಲಿ 2,000, 2000ದಲ್ಲಿ 4,000, 2010ರಲ್ಲಿ 8,000. ಆಮೇಲೆ ಹತ್ತು ವರ್ಷ ಅಲ್ಲಾಡಲಿಲ್ಲ. 2020ರ ಜನವರಿ 3ರಂದು ಅದು 15,000ಕ್ಕೆ ಏರಿತು. ತಿಂಗಳಿಗೆ 15,000 ದುಡಿಯುವ 30ರ ಲಾರಿ ಚಾಲಕ ಅದರ ಹಿಂದಿನ ದಿನ ಸತ್ತಿದ್ದರೆ ಮನೆಯವರಿಗೆ 8,31,920 ರೂಪಾಯಿ. ಮಾರನೆಯ ದಿನ ಸತ್ತಿದ್ದರೆ 15,59,850. ಸರ್ಕಾರ ಒಂದು ಅಧಿಸೂಚನೆಯನ್ನು ಹತ್ತು ವರ್ಷ ತಡಮಾಡಿದರೆ ಯಾರ ಹೊಟ್ಟೆಗೆ ಹೊಡೆದ ಹಾಗೆ ಎಂಬುದಕ್ಕೆ ಇದಕ್ಕಿಂತ ಬೇರೆ ಲೆಕ್ಕ ಬೇಡ.

ಕಳೆದ ಮೂವತ್ತು ವರ್ಷದ ತಿದ್ದುಪಡಿಗಳಲ್ಲಿ ಮೂರನ್ನು ನಮ್ಮ ಊರಿನವರು ತಿಳಿದಿರಲೇಬೇಕು. 1995ರ ತಿದ್ದುಪಡಿಯಿಂದ ಅಪಘಾತ ಎಲ್ಲೇ ಆಗಿರಲಿ, ಅರ್ಜಿಯನ್ನು ತಾವು ವಾಸವಿರುವ ಕಡೆಯೇ ಹಾಕಬಹುದಾಯಿತು. ಅರಕಲಗೂಡಿನ ಚಾಲಕನಿಗೆ ಮಹಾರಾಷ್ಟ್ರದಲ್ಲಿ ಅಪಘಾತವಾದರೆ ಅಲ್ಲಿನ ಕೋರ್ಟಿಗೆ ಅಲೆಯಬೇಕಿಲ್ಲ. 2000ದ ತಿದ್ದುಪಡಿ ‘ಆಗೊಮ್ಮೆ ಈಗೊಮ್ಮೆ ಬರುವ ಆಳು’ ಎಂಬ ನೆಪವನ್ನು ಕಾಯ್ದೆಯಿಂದಲೇ ತೆಗೆದುಹಾಕಿತು. ದಿನಗೂಲಿಯವರೂ ಒಳಗೆ ಬಂದರು. 2009ರ ತಿದ್ದುಪಡಿ 2010ರ ಜನವರಿಯಲ್ಲಿ ಜಾರಿಯಾಗಿ, ಆಸ್ಪತ್ರೆಯ ನಿಜವಾದ ಖರ್ಚನ್ನು ಮಾಲೀಕ ಬೇರೆಯಾಗಿ ಕೊಡಬೇಕೆಂದಿತು. ಅದಕ್ಕೂ ಮೊದಲು ಸಿಕ್ಕ ಪರಿಹಾರವೆಲ್ಲ ಆಸ್ಪತ್ರೆಯ ಬಿಲ್ಲಿಗೇ ಹೋಗಿಬಿಡುತ್ತಿತ್ತು.

ಆಡಳಿತದಲ್ಲೂ ಒಂದು ಬದಲಾವಣೆಯಾಯಿತು. ಹಿಂದೆ ಪರಿಹಾರದ ಆಯುಕ್ತರೆಂದರೆ ಕಾರ್ಮಿಕ ಇಲಾಖೆಯ ಅಧಿಕಾರಿಗಳೇ. ಎಲ್ಲ ತಾಲ್ಲೂಕಿನವರೂ ಹಾಸನದ ಕಚೇರಿಗೆ ಬರಬೇಕಿತ್ತು. ಈಚಿನ ವರ್ಷಗಳಲ್ಲಿ ಕರ್ನಾಟಕದಲ್ಲಿ ಈ ಅಧಿಕಾರ ಹಿರಿಯ ಸಿವಿಲ್ ನ್ಯಾಯಾಧೀಶರ ಕೈಗೆ ಬಂತು. ಹಾಗಾಗಿ ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡಿನ ಕೋರ್ಟು ಆವರಣಗಳಲ್ಲೇ ಊರುಗೋಲು ಹಿಡಿದವರು ಸಾಕ್ಷಿ ಹೇಳಲು ಕಾಯುತ್ತ ಕುಳಿತಿರುತ್ತಾರೆ. ಬಸ್ಸು ಖರ್ಚು ಉಳಿಯಿತು. ಆದರೆ ಮೂರು ತಿಂಗಳಲ್ಲಿ ತೀರ್ಮಾನವಾಗಬೇಕೆಂದು 2009ರಲ್ಲಿ ಬರೆದ ಮಾತು ಸಿವಿಲ್ ಕೋರ್ಟಿನ ಕಡತಗಳ ರಾಶಿಯಲ್ಲಿ ಉಸಿರುಕಟ್ಟಿದೆ.

ಆ ಕೋರ್ಟಿನಲ್ಲಿ ಕೇಳುವ ಪ್ರಶ್ನೆಗಳೇ ಬೇರೆ. ತಪ್ಪು ಯಾರದೆಂದು ಕಾನೂನು ಕೇಳುವುದಿಲ್ಲ ಎಂದು ಮೇಲೆ ಹೇಳಿದೆ. ಎದುರು ವಕೀಲರು ಕೇಳುವುದು ಇನ್ನೊಂದನ್ನು: ‘ಆವತ್ತು ನೀನು ಇವರ ಹತ್ತಿರ ಕೆಲಸದಲ್ಲಿದ್ದೆ ಅನ್ನೋದಕ್ಕೆ ಏನು ದಾಖಲೆ ಇದೆ?’ ಸಂಬಳದ ಚೀಟಿ ಇಲ್ಲ, ಹಾಜರಿ ಪುಸ್ತಕ ರೈಟರ ಹತ್ತಿರ, ಕೂಲಿ ಕೊಟ್ಟದ್ದು ಕೈಯಲ್ಲಿ. ಮಾಲೀಕ–ಆಳು ಸಂಬಂಧ ಸಾಬೀತಾಗಲಿಲ್ಲ ಎಂಬ ಒಂದೇ ಸಾಲಿನಿಂದ ಅರ್ಜಿ ಬಿದ್ದುಹೋಗಬಹುದು. ನೂರು ವರ್ಷದ ಹೋರಾಟದ ಫಲ ಹೀಗೆ ಒಂದು ತುಂಡು ಕಾಗದಕ್ಕಾಗಿ ಕೈತಪ್ಪುತ್ತದೆ.

ಕಾಗದ ಹಾಳಾಗುವುದು ಹೆಚ್ಚಾಗಿ ಮೊದಲ ರಾತ್ರಿಯಲ್ಲೇ. ಮೆಣಸು ಕುಯ್ಯುವಾಗ ಅಲ್ಯೂಮಿನಿಯಂ ಏಣಿ ಕರೆಂಟಿನ ತಂತಿಗೆ ತಗುಲಿದೆ, ಇಲ್ಲವೇ ಮರಗಸಿ ಮಾಡುವಾಗ ಕೊಂಬೆ ಮುರಿದು ಬಿದ್ದಿದ್ದಾನೆ ಎನ್ನಿ. ಜೀಪಿನಲ್ಲಿ ಆಸ್ಪತ್ರೆಗೆ ತಂದವರು ತೋಟದವರೇ. ವೈದ್ಯರು ರಿಜಿಸ್ಟರ್ ತೆರೆದು ‘ಹೇಗಾಯ್ತು?’ ಎಂದು ಕೇಳುತ್ತಾರೆ. ‘ಮನೆ ಹತ್ರ ಬಿದ್ದ ಸಾರ್’ ಎಂದು ಜೊತೆಯಲ್ಲಿ ಬಂದವರು ಹೇಳುತ್ತಾರೆ. ಗಾಯಗೊಂಡವನು ನೋವಿನಲ್ಲಿ ಸುಮ್ಮನಿರುತ್ತಾನೆ, ಅಥವಾ ಸಾಹುಕಾರರಿಗೆ ಪೊಲೀಸ್ ತಾಪತ್ರಯ ಬೇಡವೆಂದು ತಾನೇ ಹೂಂಗುಡುತ್ತಾನೆ. ಆ ಸಾಲು ಶಾಯಿಯಲ್ಲಿ ಕೂತುಬಿಡುತ್ತದೆ. ಮುಂದೆ ಎಷ್ಟು ಸಾಕ್ಷಿಗಳು ಬಂದರೂ ಎದುರು ವಕೀಲರು ಆ ರಿಜಿಸ್ಟರಿನ ನಕಲನ್ನೇ ಎತ್ತಿ ತೋರಿಸುತ್ತಾರೆ.

ಆಮೇಲೆ ಊರಿನ ನ್ಯಾಯ ಪಂಚಾಯ್ತಿ. ‘ಗೌಡ್ರು ನೋಡ್ಕೊತಾರೆ ಬಿಡಪ್ಪ, ಕೋರ್ಟು ಕಚೇರಿ ನಮಗ್ಯಾಕೆ’ ಎನ್ನುವ ಹಿರಿಯರ ಮಾತು, ಒಂದಿಷ್ಟು ಹಣ, ಛಾಪಾ ಕಾಗದದ ಮೇಲೆ ಹೆಬ್ಬೆಟ್ಟು. ಇಂಥ ಒಪ್ಪಂದಗಳನ್ನು ಕಾಯ್ದೆ ಮೊದಲಿನಿಂದಲೇ ಅನುಮಾನದಿಂದ ನೋಡಿದೆ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಅದರ 17ನೇ ಕಲಮಿನಂತೆ ಅಸಿಂಧು. ಸಾವಿನ ಪ್ರಕರಣದಲ್ಲಿ ಹಣವನ್ನು ಆಯುಕ್ತರ ಬಳಿ ಠೇವಣಿ ಇಡದೆ ನೇರವಾಗಿ ಕೈಗೆ ಕೊಟ್ಟರೆ ಅದು ಪರಿಹಾರವೆಂದೇ ಲೆಕ್ಕಕ್ಕಿಲ್ಲ. ವಿಧವೆಯ ಹಣ ಭಾವಮೈದುನರ ಪಾಲಾಗಬಾರದೆಂದು, ಅದನ್ನು ಅವಳ ಮತ್ತು ಮಕ್ಕಳ ಹೆಸರಿನಲ್ಲಿ ಬ್ಯಾಂಕಿನಲ್ಲಿಡುವ ಅಧಿಕಾರವನ್ನೂ ಆಯುಕ್ತರಿಗೆ ಕೊಟ್ಟಿದೆ. ಹೆಬ್ಬೆಟ್ಟು ಒತ್ತಿದ ಮೇಲೂ ದಾರಿ ಮುಚ್ಚಿಲ್ಲ ಎಂಬುದು ನಮ್ಮ ಹಳ್ಳಿಗಳಲ್ಲಿ ಎಷ್ಟು ಜನಕ್ಕೆ ಗೊತ್ತು?

ಗುಣವಾಗುವ ಕಾಲದ ಕಷ್ಟ ಇನ್ನೊಂದು. ಮೂಳೆ ಕೂಡಲು ಕೆಲವು ತಿಂಗಳು ಸಾಕು, ಮತ್ತೆ ಹಾರೆ ಹಿಡಿಯುವ ಬಲ ಬರಲು ವರ್ಷ ಬೇಕು. ತಾತ್ಕಾಲಿಕ ಅಂಗವೈಕಲ್ಯಕ್ಕೆ ತಿಂಗಳ ಸಂಬಳದ ಶೇಕಡಾ 25ರಷ್ಟನ್ನು ಹದಿನೈದು ದಿನಕ್ಕೊಮ್ಮೆ, ಅಂದರೆ ತಿಂಗಳಿಗೆ ಅರ್ಧ ಸಂಬಳವನ್ನು, ಐದು ವರ್ಷದವರೆಗೂ ಕೊಡಿಸಬಹುದು. ಹಾಸನದ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ದುಡಿಯುತ್ತ ಇಎಸ್ಐಗೆ (ನೌಕರರ ರಾಜ್ಯ ವಿಮೆಗೆ) ಸೇರಿದವರ ಸ್ಥಿತಿ ಇದಕ್ಕಿಂತ ಮೇಲು. 1948ರ ಆ ಕಾಯ್ದೆ 1958ರಲ್ಲಿ ಬೆಂಗಳೂರಿಗೆ ಕಾಲಿಟ್ಟಿತು. ಗಾಯಗೊಂಡು ರಜೆಯಲ್ಲಿದ್ದಾಗ ಸಂಬಳದ ಶೇಕಡಾ 90, ಶಾಶ್ವತ ಊನವಾದರೆ ಬದುಕಿರುವವರೆಗೂ ತಿಂಗಳ ಹಣ. ಇಎಸ್ಐ ಇದ್ದವರು ಬೇರೆಯಾಗಿ ಪರಿಹಾರ ಕೇಳುವಂತಿಲ್ಲ. ಒಂದೇ ಮನೆಯ ಇಬ್ಬರಲ್ಲಿ ಕಾರ್ಖಾನೆಗೆ ಹೋಗುವವಳಿಗೆ 90, ಕಟ್ಟಡ ಕೆಲಸಕ್ಕೆ ಹೋಗುವ ಅವಳ ಗಂಡನಿಗೆ 50. ಈ ಅಂತರ ಇನ್ನೂ ಉಳಿದಿರುವುದು ನಾಚಿಕೆಗೇಡು.

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ 2020ರ ಸಾಮಾಜಿಕ ಭದ್ರತಾ ಸಂಹಿತೆಯನ್ನು ಜಾರಿಗೆ ತಂದಿತು. 1923ರ ಕಾಯ್ದೆಯ ಜಾಗಕ್ಕೆ ಅದರದೊಂದು ಅಧ್ಯಾಯ ಬಂತು. ತಿರುಳು ಹಳೆಯದೇ, ಒಂದು ಮುಖ್ಯ ಸೇರ್ಪಡೆಯೊಂದಿಗೆ: ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವ ದಾರಿಯಲ್ಲಾದ ಅಪಘಾತವೂ, ಕೆಲಸದೊಂದಿಗೆ ಅದರ ನಂಟು ತೋರಿಸಿದರೆ, ಲೆಕ್ಕಕ್ಕೆ ಬರುತ್ತದೆ. 1958ರಲ್ಲಿ ಸೌರಾಷ್ಟ್ರದ ಉಪ್ಪಿನ ಕಾರ್ಖಾನೆಯ ಕೂಲಿಗಳು ಕೆಲಸ ಮುಗಿಸಿ ದೋಣಿಯಲ್ಲಿ ಹೊಳೆ ದಾಟುವಾಗ ಮುಳುಗಿ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಾಲೀಕ ಹೊಣೆಯಲ್ಲ ಎಂದಿತ್ತು. ಬೆಳಗಿನ ಜಾವ ಪಿಕಪ್ ಗಾಡಿಗಳಲ್ಲಿ ನಿಂತುಕೊಂಡೇ ತೋಟಗಳಿಗೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಈ ಸೇರ್ಪಡೆ ದೊಡ್ಡದು.

ಓದಿದವರು ಪಕ್ಕದ ಮನೆಯವರಿಗೂ ಹೇಳಲಿ ಎಂದು ಇಷ್ಟು ಬರೆಯುತ್ತೇನೆ. ಕೆಲಸದಲ್ಲಿ ಗಾಯವಾದರೆ ಆಸ್ಪತ್ರೆಯ ರಿಜಿಸ್ಟರಿನಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಸಿ, ಯಾರ ಕೆಲಸ ಎಂಬುದನ್ನೂ ಹೇಳಿ. ಜೊತೆಯಲ್ಲಿ ದುಡಿಯುತ್ತಿದ್ದ ಇಬ್ಬರ ಹೆಸರು ಬರೆದಿಟ್ಟುಕೊಳ್ಳಿ. ಕೂಲಿ ಫೋನ್‌ಪೇನಲ್ಲಿ ಬಂದಿದ್ದರೆ ಅದನ್ನು ಅಳಿಸಬೇಡಿ. ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ, ನಕಲು ಇಟ್ಟುಕೊಳ್ಳಿ. ಹಳೆಯ ಕಾಯ್ದೆಯಲ್ಲಿ ಅರ್ಜಿಗೆ ಎರಡು ವರ್ಷದ ಗಡುವಿತ್ತು, ಅಷ್ಟು ಕಾಯುವುದು ಯಾವ ಕಾನೂನಿನಲ್ಲೂ ಬೇಡ. ಒಂದು ತಿಂಗಳೊಳಗೆ ಹಣ ಕೊಡದ ಮಾಲೀಕರ ಮೇಲೆ ಬಡ್ಡಿ, ಸರಿಯಾದ ಕಾರಣವಿಲ್ಲದಿದ್ದರೆ ಪರಿಹಾರದ ಅರ್ಧದವರೆಗೆ ದಂಡ ಬೀಳುತ್ತದೆಂದು ನೆನಪಿಡಿ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಡಿ: ಪ್ರತಿ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿಯಿದೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ ಅದು ವಕೀಲರನ್ನು ಉಚಿತವಾಗಿ ಕೊಡುತ್ತದೆ.